ಗಣಿಯವನ ಎದೆಯ ಎಕ್ಸ್‌ರೇ

ಖತಾರಿನ ಬಿನ್ ಒಮ್ರಾನ್‌ನಲ್ಲಿ ನನ್ನದೊಂದು ಹೋಟೆಲಿದೆ. ಹೋಟೆಲಿಗಿಂತ ಅದರ ಬೋರ್ಡೇ ದೊಡ್ಡದು ಎಂದು ಗಿರಾಕಿಗಳು ತಮಾಷೆ ಮಾಡುತ್ತಾರೆ, ಮಾಡಲಿ. ಕೆಂಡದಲ್ಲಿ ಸುಟ್ಟ ಅಲ್ ಫಾಮ್ ಕೋಳಿ, ಕುಬ್ಬೂಸು ರೊಟ್ಟಿ, ಸಂಜೆಗೆ ಒಂದಿಷ್ಟು ಕಬಾಬು. ಬಂಟ್ವಾಳದ ಕಡೆಯಿಂದ ಬಂದು ಸೋದರಮಾವನ ಕೈಕೆಳಗೆ ಈ ಕೆಲಸ ಕಲಿತವನು ನಾನು. ಅವರು ಊರಿಗೆ ಮರಳಿದ ಮೇಲೆ ಒಬ್ಬನೇ ನಡೆಸುತ್ತಿದ್ದೇನೆ. ಇಂಥ ಹೋಟೆಲಿನ ಜೀವವೆಲ್ಲ ಇರುವುದು ಇದ್ದಲಿನ ಒಲೆಯಲ್ಲಿ, ಆ ಒಲೆಯ ಮುಂದೆ ನಿಲ್ಲುವವನು ಮಾತ್ರ ಸಿಕ್ಕುವುದಿಲ್ಲ. ಹೊರಗೆ ಬಿಸಿಲು, ಒಳಗೆ ಕೆಂಡ. ಬಂದವರೆಲ್ಲ ಬೆನ್ನುನೋವು, ತಲೆಸುತ್ತು ಎಂದು ನೆವ ಹೇಳಿ ಕಾಲು ಕೀಳುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಒಬ್ಬ ಬಂದ. ಮಾತು ಯಾದಗಿರಿ ಕಡೆಯ ಕನ್ನಡ, ನಡುವೆ ತೆಲುಗು. ಆದರೆ ಯಾದಗಿರಿಯಲ್ಲಿ ಅವನು ಒಂದು ದಿನವೂ ಬಾಳಿದವನಲ್ಲ. ಅವನ ಮುತ್ತಜ್ಜನನ್ನು ಯಾವುದೋ ಮೇಸ್ತ್ರಿ ಗುಂಪಿನ ಜೊತೆ ಗೋದಾವರಿ ದಂಡೆಯ ಕಲ್ಲಿದ್ದಲ ಊರಿಗೆ ಕರೆದುಕೊಂಡು ಹೋಗಿದ್ದನಂತೆ. ಅಲ್ಲಿಂದ ನಾಲ್ಕು ತಲೆಮಾರು ಗಣಿಗೆ ಇಳಿದಿದೆ. ಅವರು ಗಣಿ ಎನ್ನುವುದಿಲ್ಲ, ಬಾವಿ ಎನ್ನುತ್ತಾರೆ. ಬಂದ ದಿನ ನನ್ನನ್ನು ‘ಸಾವ್ಕಾರ್ರಿ’ ಎಂದ. ನನಗೆ ಮೈ ಉರಿಯಿತು. ಕಾಕ ಎನ್ನು ಸಾಕು ಎಂದೆ. ಇದ್ದಲಿನ ಚೀಲ ಬಿಚ್ಚಿ ಒಂದು ತುಂಡು ಎತ್ತಿಕೊಂಡು ನಕ್ಕ.

“ಇದಕ್ಕ ಇದ್ದಲಿ ಅಂತೀರೇನ್ ಕಾಕಾ? ಇದು ಸುಟ್ಟ ಕಟಗಿ.”

“ಕೋಳಿಗೆ ಅದೆಲ್ಲ ಗೊತ್ತಾಗುದಿಲ್ಲ ಮಾರಾಯ. ನೀನು ಗಾಳಿ ಹಾಕು” ಎಂದೆ.

ನನಗೆ ಅವನು ಹಿಡಿಸಿದ. ಕೆಂಡದ ಮುಂದೆ ನಿಂತು ಹಾಡು ಗುನುಗುವವನನ್ನು ನಾನು ಈ ದೇಶದಲ್ಲಿ ಬೇರೆ ಕಂಡಿಲ್ಲ. ಬಾವಿಯೊಳಗಿನ ಸೆಕೆಗೆ ಹೋಲಿಸಿದರೆ ಇದು ಮದುವೆ ಮನೆ ಎನ್ನುತ್ತಿದ್ದ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಕೆಂಡ ಎಬ್ಬಿಸುತ್ತ ಅವನ ಕಥೆ ಶುರು. ಮುತ್ತಜ್ಜಿಯ ಕಾಲದಲ್ಲಿ ಹೆಂಗಸರೂ ಕೆಳಗಿಳಿದು ತಲೆಯ ಮೇಲೆ ಕಲ್ಲಿದ್ದಲು ಹೊರುತ್ತಿದ್ದರಂತೆ; ಆಮೇಲೆ ಕಾನೂನು ಬಂದು ಅವರನ್ನು ಮೇಲೆ ಕಳಿಸಿತು. ಅಜ್ಜ ಗುದ್ದಲಿಯಲ್ಲಿ ಕಡಿದ. ಅಪ್ಪ ಮದ್ದು ಸಿಡಿದ ಮೇಲೆ ಹೊಗೆ ಆರುವ ಮುಂಚೆಯೇ ಒಳಗೆ ನುಗ್ಗಿ ಕಲ್ಲಿದ್ದಲು ಸಾಗಿಸುವ ಡಬ್ಬಿ ತುಂಬಿದ. ಈಗ ನೆಲವನ್ನೇ ಮೇಲಿನಿಂದ ತೆರೆದು ಮನೆಯಷ್ಟು ದೊಡ್ಡ ಲಾರಿಗಳಲ್ಲಿ ತುಂಬುತ್ತಾರೆ, ಜನ ಬೇಕಾಗಿಲ್ಲ. ಕೆಳಗೆ ಉಳಿದ ಚೂರುಪಾರು ಕೆಲಸಕ್ಕೆ ಗುತ್ತಿಗೆದಾರರ ಆಳುಗಳು. ಇವನು ಅಂಥ ಆಳಾಗಿದ್ದ. ಕಲ್ಲಿಗೆ ತೂತು ಕೊರೆಯುವ ಕೆಲಸ. ಮೂಗಿಗೆ ಕಟ್ಟಲು ಹೆಂಡತಿಯ ಹಳೆ ಸೀರೆಯ ತುಂಡು.

ಕಾಯಂ ನೌಕರಿ ಯಾಕೆ ಸಿಗಲಿಲ್ಲ ಎಂದು ಕೇಳಿದ್ದಕ್ಕೆ ಅವನು ಹೇಳಿದ್ದನ್ನು ಅರಗಿಸಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅವರಲ್ಲಿ ಒಂದು ಪದ್ಧತಿಯುಂಟು. ಕಾಯಂ ಕೆಲಸದವನು ನಿವೃತ್ತಿಗೆ ಮುಂಚೆ ಕಾಯಿಲೆ ಬಿದ್ದು, ಡಾಕ್ಟರರ ಬೋರ್ಡು ಅವನನ್ನು ಅನ್‌ಫಿಟ್ ಎಂದರೆ, ಆ ನೌಕರಿ ಮಗನಿಗೆ. ಗಟ್ಟಿಯಾಗಿದ್ದು ನಿವೃತ್ತನಾದರೆ ಮಗನಿಗೆ ಏನೂ ಇಲ್ಲ. ಹಾಗಾಗಿ ಅಪ್ಪಂದಿರಿಗೆ ವಯಸ್ಸಾಗುತ್ತ ಬಂದಂತೆ ಕ್ವಾರ್ಟರ್ಸಿನ ಮನೆಮನೆಯಲ್ಲೂ ಇದೇ ಚಿಂತೆ. ಬೋರ್ಡಿನ ಮುಂದೆ ಹೇಗೆ ಕೆಮ್ಮಬೇಕು, ಎಷ್ಟು ಮೆಟ್ಟಿಲಿಗೆ ಏದುಸಿರು ಎನ್ನಬೇಕು ಎಂದು ಅವನ ಅವ್ವ ಗಂಡನಿಗೆ ಪಾಠ ಹೇಳಿಕೊಡುತ್ತಿದ್ದಳಂತೆ. ಡಾಕ್ಟರು ಒಂದು ಕೇಳಿದರೆ ಹತ್ತು ಹೇಳು, ಏನನ್ನೂ ಮುಚ್ಚಿಡಬೇಡ. ಮಕ್ಕಳು ಸುತ್ತ ಕೂತು ಕೇಳುವುದು. ಅಪ್ಪ ಹೋದಾಗಲೆಲ್ಲ ಬೋರ್ಡಿನವರು ಫಿಟ್ ಎಂದೇ ವಾಪಸು ಕಳಿಸಿದರು. ಫಿಟ್ ಆಗಿಯೇ ನಿವೃತ್ತನಾದ. ಈಗ ಮಂಚದಿಂದ ಬಾಗಿಲಿನವರೆಗೆ ಬರಲು ಆಗುವುದಿಲ್ಲ, ಹಾಸಿಗೆಯ ಪಕ್ಕ ಆಕ್ಸಿಜನ್ ಸಿಲಿಂಡರ್.

“ಅಪ್ಪಗ ಫಿಟ್ ಅಂದ ದಿನ ನಾವು ಮನ್ಯಾಗ ಅಡಗಿ ಮಾಡಲಿಲ್ರಿ ಕಾಕಾ” ಎಂದ. ಕೆಟ್ಟ ಸಿಟ್ಟು ಬಂತು ನನಗೆ. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ.

ಖತಾರಿಗೆ ಬಂದವನಿಗೆ ಇಲ್ಲಿಯ ಮೆಡಿಕಲ್ ಆಗಬೇಕು, ಆಮೇಲೆ ಐಡಿ. ಹೈದರಾಬಾದಿನಲ್ಲಿ ಪಾಸಾಗಿ ಬಂದಿದ್ದಾನಲ್ಲ ಎಂದು ನಾನೂ ನಿಶ್ಚಿಂತನಾಗಿದ್ದೆ. ಎಕ್ಸ್‌ರೇ ತೆಗೆದು ಕಳಿಸಿದವರು ಮತ್ತೆ ಕರೆದರು. ಎದೆಯಲ್ಲಿ ಕಲೆ ಇದೆಯಂತೆ, ಕಫ ಪರೀಕ್ಷೆ ಆಗಬೇಕಂತೆ. ಕಫದಲ್ಲಿ ಕ್ಷಯ ಇಲ್ಲ ಎಂದು ಬಂದಾಗ ಇಬ್ಬರೂ ಒಂದೊಂದು ಸುಲೈಮಾನಿ ಚಹಾ ಕುಡಿದು ಖುಷಿಪಟ್ಟೆವು. ಆದರೆ ಕಲೆ ಹೇಗೆ ಬಂತು ಎಂದು ಕೇಳಲು ಮತ್ತೊಮ್ಮೆ ಕರೆದರು. ಇಲ್ಲಿ ಅನ್‌ಫಿಟ್ ಎಂದು ಬಿದ್ದರೆ ವೀಸಾ ಹೋಯಿತು, ಅಕ್ಕಪಕ್ಕದ ದೇಶಗಳ ಬಾಗಿಲೂ ಮುಚ್ಚಿತು. ಅಪ್ಪನ ಸಿಲಿಂಡರು, ಮಗಳ ಶಾಲೆ, ಎಲ್ಲ ಇವನ ಸಂಬಳದ ಮೇಲೆ ನಿಂತಿತ್ತು. ದಾರಿಯುದ್ದಕ್ಕೂ ಕಾರಿನಲ್ಲಿ ಅವನ ತಲೆಗೆ ತುಂಬಿದೆ.

“ಎಂತ ಕೇಳಿದ್ರೂ ಇಲ್ಲ ಹೇಳು. ಕೆಮ್ಮು ಇಲ್ಲ, ದಮ್ಮು ಇಲ್ಲ. ಸಣ್ಣದಿರುವಾಗ ಒಮ್ಮೆ ಜೋರು ಜ್ವರ ಬಂದಿತ್ತು, ಅಷ್ಟೇ. ಗಣಿ ಸುದ್ದಿ ಎತ್ಬೇಡ. ಗೊತ್ತಾಯ್ತಾ?”

“ಗೊತ್ತಾತ್ರಿ.”

ನಾನು ಹೊರಗೆ ಕಾರಿನಲ್ಲೇ ಕೂತೆ. ಬಹಳ ಹೊತ್ತಿನ ಮೇಲೆ ಬಂದ. ಮುಖದಲ್ಲಿ ಕಳೆ ಇತ್ತು. ಅಲ್ಲಾಹನಿಗೆ ಶುಕ್ರ್ ಹೇಳಿ ಕಾರು ಸ್ಟಾರ್ಟ್ ಮಾಡಿದೆ.

“ಡಾಕ್ಟ್ರು ಭಾಳ ಚಲೋ ಮನಷಾ ಕಾಕಾ. ಹಿಂದಿಯಾಗ ಮಾತಾಡ್ದಾ. ಕೂಡು ಅಂದಾ. ಧೂಳಿನ್ಯಾಗ ಕೆಲಸ ಮಾಡೀಯೇನು ಅಂತ ಕೇಳ್ದಾ.”

“ನೀನೆಂತ ಹೇಳಿದೆ?”

“ಎಲ್ಲಾ ಹೇಳ್ದೆ.”

ಎಲ್ಲ ಎಂದರೆ ಎಲ್ಲ. ಎಷ್ಟು ವರ್ಷ ಕೊರೆದದ್ದು, ಉಗುಳು ಕಪ್ಪಾಗುತ್ತಿದ್ದದ್ದು, ಮೆಟ್ಟಿಲು ಹತ್ತಿದರೆ ಎದೆ ಹಿಡಿಯುವುದು, ಚಳಿಗೆ ಕೆಮ್ಮು ಹೆಚ್ಚುವುದು. ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ ಎಂದು ನನಗೆ ಇವನು ಒಂದು ದಿನವೂ ಹೇಳಿರಲಿಲ್ಲ. ಅಪ್ಪನ ಸಿಲಿಂಡರಿನ ಸುದ್ದಿಯನ್ನೂ ಡಾಕ್ಟರಿಗೆ ಒಪ್ಪಿಸಿ ಬಂದಿದ್ದ. ಕಾರು ನಿಲ್ಲಿಸಿ ಬಾಯಿಗೆ ಬಂದ ಹಾಗೆ ಬೈದೆ. ಕನ್ನಡ ಸಾಲದೆ ಮನೆಮಾತು ಬ್ಯಾರಿಯಲ್ಲೂ ಬೈದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

“ಬಾಯಿ ತಾನೇ ಹೇಳಿಬಿಡ್ತ್ರಿ” ಎಂದ ಕೊನೆಗೆ. “ಸಣ್ಣಾಂವಿದ್ದಾಗಿಂದ ಕೇಳೀನಲ್ಲ. ಡಾಕ್ಟ್ರ ಮುಂದ ಮುಚ್ಚಿಡಬ್ಯಾಡ ಅಂತ ಅವ್ವ ಹೇಳತಿದ್ಲು. ಮತ್ತ ಇಷ್ಟು ವರ್ಷದಾಗ ನಮ್ಮ ಮನ್ಯಾಗ ಯಾರಿಗೂ ಯಾವ ಡಾಕ್ಟ್ರೂ ಕುಂದ್ರಿಸಿ ಕೇಳಿದ್ದಿಲ್ಲ.”

ಅವನು ಬಾಯಿ ಬಿಡದಿದ್ದರೂ ಆ ಎಕ್ಸ್‌ರೇ ಫಿಲ್ಮೇ ಎಲ್ಲ ಹೇಳುತ್ತಿತ್ತೋ ಏನೋ. ಆ ಹೊತ್ತಿಗೆ ನನಗೆ ಹಾಗನಿಸಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ತಾನೇ ಮಾಡಿಕೊಂಡನಲ್ಲ ಎಂದು ಹೊಟ್ಟೆ ಉರಿಯಿತು.

ಕೆಲವು ದಿನ ಕಳೆದು ಫಲಿತಾಂಶ ಬಂತು. ಅನ್‌ಫಿಟ್. ನಮ್ಮ ಸರ್ಕಾರಿ ಕೆಲಸಗಳಿಗೆ ಓಡಾಡುವ ಮಂದೂಬನನ್ನು ಕಾಡಿದೆ, ಬೇಡಿದೆ. ಅವನು ಪಾಪ ಇಲ್ಲಿಗೂ ಅಲ್ಲಿಗೂ ಅಲೆದು ಬಂದು ಎರಡು ಕೈ ಝಾಡಿಸಿ “ಖಲಾಸ್” ಎಂದ.

ಗಣಿಯವನು ಒಲೆಯ ಪಕ್ಕದಲ್ಲಿ ನಿಂತು ಊರಿಗೆ ಫೋನು ಮಾಡಿದ. ಸ್ಪೀಕರಿನಲ್ಲಿ ಅಪ್ಪನ ಉಸಿರು ಮಾತಿಗಿಂತ ಮೊದಲು ಕೇಳಿಸಿತು. ಅನ್‌ಫಿಟ್ ಮಾಡಿದರು ಎಂದು ಇವನು ಹೇಳಿದ. ಆ ಕಡೆ ಮುದುಕ ಒಂದೊಂದೇ ಮಾತು ಎಳೆದು ಕೇಳಿದ.

“ಹಂಗಾರ... ನಿನ್ನ ಮಗಳಿಗಿ ನೌಕ್ರಿ ಕೊಡ್ತಾರೇನು?”

“ಇಲ್ಲಪ್ಪ. ಇಲ್ಲಿ ಹಂಗಿಲ್ಲ.”

“ಮತ್ತ ಯಾಕ್ ಹೇಳ್ದಿ?”

ಇವನು ಕೆಂಡ ಕೆದಕತೊಡಗಿದ. ನಾನು ಕೋಳಿ ತಿರುವುವ ನೆವದಲ್ಲಿ ಮುಖ ಆಚೆ ಮಾಡಿದೆ. ಅಳು ಬಂದಿತ್ತು, ಹೊಗೆಯೆಂದು ಹೇಳಿ ಕಣ್ಣೊರೆಸಿಕೊಂಡೆ.

ವಿಮಾನ ನಿಲ್ದಾಣಕ್ಕೆ ಬೆಳಿಗ್ಗೆ ನಾನೇ ಬಿಟ್ಟು ಬರಲು ಹೋದೆ. ಮಗಳಿಗೆಂದು ಹಳೆಪೇಟೆ ಸೂಕ್ ವಾಕಿಫ್‌ನಿಂದ ಒಂದು ಡಬ್ಬ ಖರ್ಜೂರ ಕೊಂಡಿದ್ದ, ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ದಾರಿಯಲ್ಲಿ ನನಗೇ ತಡೆಯಲಾಗದೆ ಕೇಳಿದೆ.

“ಹೋಗಿ ಎಂತ ಮಾಡ್ತಿ?”

“ಮತ್ತೇನ್ ಕಾಕಾ, ಬಾವಿಗಿ ಇಳಿತೀನಿ.”

“ಈ ಎದೆ ಇಟ್ಕೊಂಡಾ? ತಲೆ ಸರಿ ಉಂಟಾ ನಿನಗೆ?”

“ಗುತ್ತೇದಾರ ಎದಿ ಫೋಟೋ ಕೇಳೂದಿಲ್ರಿ” ಎಂದ. “ಕೈ ಎರಡೂ ನೆಟ್ಟಗ ಅದಾವೇನು ಅಂತ ನೋಡ್ತಾನ, ಅಷ್ಟೇ.”

ಇಳಿಯಬೇಡ ಎನ್ನಬೇಕು ಎನಿಸಿತು. ಎಂದಿದ್ದರೆ, ಹಾಗಾದರೆ ಏನು ಮಾಡಲಿ ಎಂದು ಕೇಳುತ್ತಿದ್ದ. ನಿಲ್ದಾಣದ ದಾರಿಗೆ ಕಾರು ತಿರುಗಿಸಿದೆ.