ಕುರಿ ಹಿಂದೆ ಹೋದ ಗಂಟು

ಹೊಸದುರ್ಗದ ಬಸ್ ಸ್ಟ್ಯಾಂಡಿನ ಎದುರಿಗೆ ನಮ್ಮದೊಂದು ಪಾರ್ಸೆಲ್ ಆಫೀಸು ಇತ್ತು. ನಮ್ಮದು ಎಂದರೆ, ಬೋರ್ಡು ಹೊರಗಿನ ದೊಡ್ಡ ಕಂಪನಿಯದು, ಜಾಗ ಒಬ್ಬ ಕೊಬ್ಬರಿ ವ್ಯಾಪಾರಿಯದು, ಬೈಗುಳ ಮಾತ್ರ ನಮ್ಮದು. ಲಾರಿ ತಡವಾದರೆ, ಮೂಟೆ ನೆನೆದರೆ, ಮದುವೆಯ ಜವಳಿ ಮದುವೆ ಮುಗಿದ ಮೇಲೆ ಬಂದರೆ ಜನ ಬಂದು ಬೈಯುತ್ತಿದ್ದದ್ದು ಏಜೆಂಟನಾದ ನನ್ನ ಗಂಡನನ್ನು. ನಾನು ಹೊಳಲ್ಕೆರೆಯಿಂದ ಮದುವೆಯಾಗಿ ಬಂದವಳು. ಮನೆಯಲ್ಲಿ ಕೂತು ಅತ್ತೆಯ ಮಾತು ಕೇಳುವುದಕ್ಕಿಂತ ಆಫೀಸಿನಲ್ಲಿ ಕೂತು ಊರವರ ಮಾತು ಕೇಳುವುದು ವಾಸಿ ಅನ್ನಿಸಿ, ಒಂದು ದಿನ ಊಟದ ಡಬ್ಬಿ ಕೊಡಲು ಹೋದವಳು ಅಲ್ಲೇ ಕೂತುಬಿಟ್ಟೆ. ಬರೆಯುವ ಕೆಲಸ ನನ್ನದಾಯಿತು, ಮಾತಾಡುವ ಕೆಲಸ ಅವರದೇ ಉಳಿಯಿತು.

ಆ ಜಾಗದ ವಾಸನೆ ನನಗೆ ಈಗಲೂ ಬೇಕು ಅನ್ನಿಸುತ್ತದೆ. ಗೋಣಿತಾಟು, ಒಣಕೊಬ್ಬರಿ, ಹೊಸ ಬಟ್ಟೆಯ ಗಂಜಿ, ಪಂಪ್‌ಸೆಟ್ಟಿನ ಗ್ರೀಸು, ಎಲ್ಲ ಸೇರಿ ಒಂದೇ ವಾಸನೆ. ಬೆಳಿಗ್ಗೆ ಲಾರಿ ಬಂದು ಆಫೀಸಿನ ಮುಂದಿನ ಕಟ್ಟೆಗೆ ಸಾಮಾನು ಇಳಿದ ಮೇಲೆ ನಮ್ಮವರು ಎದುರಿನ ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರುಗಳ ಹತ್ತಿರ ಹೇಳಿ ಕಳಿಸುತ್ತಿದ್ದರು. "ಶ್ರೀರಾಂಪುರದ ಬಟ್ಟೆ ಅಂಗ್ಡಿಯೋರಿಗೆ ಮೂಟೆ ಬಂದೈತೆ ಅನ್ನಪ್ಪ." ಸಂಜೆಯೊಳಗೆ ಯಾರಾದರೂ ಬಂದು ನಿಲ್ಲುತ್ತಿದ್ದರು. ಕೆಲವು ಸಲ ಮಾತು ದಾರಿಯಲ್ಲಿ ತಪ್ಪಿ, ಬಟ್ಟೆ ಅಂಗಡಿಯವನ ಬದಲು ಗೊಬ್ಬರದ ಅಂಗಡಿಯವನು ಬರುತ್ತಿದ್ದ. ಬಂದವನು ಸಿಟ್ಟಾಗುತ್ತಿರಲಿಲ್ಲ. ನಮ್ಮಲ್ಲಿ ಟೀ ಕುಡಿದು, ತಾಲ್ಲೂಕು ಆಫೀಸಿನ ಕೆಲಸ ಏನಾದರೂ ಇದ್ದರೆ ಮುಗಿಸಿಕೊಂಡು ಊರಿಗೆ ಹೋಗುತ್ತಿದ್ದ.

ನಮ್ಮವರಿಗೆ ಎಲ್ಲರಿಗಿಂತ ಇಷ್ಟದ ಗಿರಾಕಿಗಳು ಕುರಿಯವರ ಮನೆಯ ಹೆಂಗಸರು. ನಮ್ಮ ಕಡೆ ಕೊಯ್ಲು ಮುಗಿದ ಮೇಲೆ ಕುರಿ ಸಾಕುವ ಗಂಡಸರು ಮಂದೆ ಹೊಡೆದುಕೊಂಡು ಹೊಳಲ್ಕೆರೆ, ಚಿಕ್ಕಜಾಜೂರು ದಾಟಿ ಚನ್ನಗಿರಿಯ ಗದ್ದೆ ಬಯಲಿಗೆ ಹೋಗುತ್ತಾರೆ. ರಾತ್ರಿ ರೈತರ ಹೊಲದಲ್ಲಿ ಕುರಿ ತರುಬಿ ಕೂಡಿಹಾಕುತ್ತಾರೆ, ಹೊಲಕ್ಕೆ ಗೊಬ್ಬರವಾಗುತ್ತದೆ. ಮೇವು ಮುಗಿದರೆ ಮುಂದಿನ ಊರು. ತಿಂಗಳುಗಟ್ಟಲೆ ಮನೆಯ ಕಡೆ ಬರುವುದಿಲ್ಲ. ಎಲ್ಲಿದ್ದಾರೆ ಎಂದು ಕೇಳಿದರೆ ಮನೆಯವರು "ಕುರಿ ಹಿಂದೆ ಅವ್ರೆ" ಅನ್ನುತ್ತಾರೆ, ಅಷ್ಟೇ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗೆದ ಪಂಚೆ, ಕುರಿಯ ಔಷಧಿ, ಇವನ್ನೆಲ್ಲ ಹಳೆ ಸೀರೆಯಲ್ಲಿ ಗಂಟು ಕಟ್ಟಿ ತಂದರೆ ನಮ್ಮ ಲಾರಿಯಲ್ಲಿ ಹೋಗುತ್ತಿತ್ತು. ಗಂಟು ಹೊಳಲ್ಕೆರೆ ಆಫೀಸಿನಲ್ಲಿ ಇಳಿಯುತ್ತಿತ್ತು. ಅಲ್ಲಿಗೆ ಸಂತೆಗೆ ಬಂದ ಕುರಿಯವರು ಅದನ್ನು ನೋಡಿ, ಯಾರದೋ ಅವರಿಗೆ ಸುದ್ದಿ ಮುಟ್ಟಿಸುತ್ತಿದ್ದರು. ವಿಳಾಸದ ಜಾಗದಲ್ಲಿ ನಾನು ಮೊದಲು ಹೆಸರು ಬರೆದು, ಅದರ ಕೆಳಗೆ 'ಕುರಿ ಹಿಂದೆ' ಎಂದು ಬರೆದು, ಕೊನೆಗೆ 'ಹೊಳಲ್ಕೆರೆ' ಎಂದು ಬರೆಯುತ್ತಿದ್ದೆ.

ಹೊಸದುರ್ಗದಿಂದ ಹೊರಟ ಸಾಮಾನೆಲ್ಲ ಮೊದಲು ಚಿತ್ರದುರ್ಗದ ಗೋಡೌನಿಗೆ ಹೋಗಬೇಕಿತ್ತು. ಹೊಳಲ್ಕೆರೆ ದಾರಿಯಲ್ಲೇ ಸಿಕ್ಕರೂ ಗಂಟು ಅದನ್ನು ದಾಟಿ, ದುರ್ಗ ನೋಡಿಕೊಂಡೇ ವಾಪಸ್ಸು ಬರಬೇಕು. ಕಂಪನಿಯ ಕಾನೂನು ಹಾಗಿತ್ತು. ಒಮ್ಮೆ ಆ ಗೋಡೌನಿಗೆ ಮೈಸೂರು ಕಡೆಯ ಹೊಸ ಗುಮಾಸ್ತರೊಬ್ಬರು ಬಂದಿದ್ದರು. ನಮಗೆ ಫೋನ್ ಮಾಡಿ, "ಮೇಡಂ, ಈ ಕುರಿಹಿಂದೆ ಅನ್ನೋ ಊರು ಯಾವ ಹೋಬಳಿಗೆ ಬರುತ್ತೆ? ಹೊಳಲ್ಕೆರೆಯವ್ರನ್ನ ಕೇಳಿದ್ರೆ ಬರೀ ನಗ್ತಾರೆ" ಎಂದರು. ನನಗೂ ನಗು ತಡೆಯಲಾಗಲಿಲ್ಲ. ನಮ್ಮವರು ಫೋನ್ ಕಿತ್ತುಕೊಂಡು, "ಅದು ದಿನಾ ಜಾಗ ಬದಲಾಯಿಸೋ ಊರು ಸ್ವಾಮಿ. ನೀವು ಹೊಳಲ್ಕೆರೆಗೆ ಹಾಕ್ರಿ, ಊರೇ ಬಂದು ತಗಂಡೋಗ್ತೈತೆ" ಎಂದರು. ಆಮೇಲೆ ದುರ್ಗದ ಗೋಡೌನಿನಲ್ಲಿ ಆ ಗಂಟುಗಳನ್ನು ಇಡುವ ಮೂಲೆಗೆ ಕುರಿಹಿಂದೆ ಎಂದೇ ಹೆಸರಾಯಿತು. ಹಮಾಲರು "ಇದನ್ನ ಕುರಿಹಿಂದೆಗೆ ಹಾಕ್ಲಾ?" ಎಂದು ಕೇಳುತ್ತಿದ್ದರಂತೆ.

ಆಮೇಲೆ ಮೊಬೈಲು ಬಂತು, ಮೊಬೈಲಿನ ಒಳಗೆ ಅಂಗಡಿ ಬಂತು. ಆ ಅಂಗಡಿಯ ಡಬ್ಬಗಳು ಮೊದಮೊದಲು ಹೊಸದುರ್ಗಕ್ಕೆ ಬಂದದ್ದು ನಮ್ಮ ಲಾರಿಯಲ್ಲೇ. ಮಿಕ್ಸಿ, ಚಪ್ಪಲಿ, ಸೀರೆ, ಏನುಂಟು ಏನಿಲ್ಲ. ಆಫೀಸಿನಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ನಮ್ಮವರಿಗೆ ಹಿಗ್ಗೋ ಹಿಗ್ಗು. "ನೋಡೇ, ಅಂಗ್ಡಿ ಆಕಾಶದಾಗೆ ಇರ್ಲಿ, ಸಾಮಾನು ಇಳಿಯಾಕೆ ನಮ್ಮ ಕಟ್ಟೇನೇ ಬೇಕು" ಎಂದು ಮೀಸೆ ತೀಡಿದರು.

"ಇಷ್ಟು ಸಾಮಾನು ಇರೋರು ಒಂದಿನ ಲಾರೀನೂ ತಗಂತಾರೆ ನೋಡ್ರಿ" ಎಂದೆ.

"ನಿಂಗೆ ಎಲ್ಲದ್ರಾಗೂ ಅನುಮಾನ" ಎಂದರು.

ನನ್ನ ಅನುಮಾನವೇ ನಿಜವಾಯಿತು. ಒಮ್ಮೆ ಹಿರಿಯೂರಿನ ನೆಂಟರ ಮನೆಗೆ ಹೋಗಿ ದುರ್ಗದ ಬಸ್ಸಿನಲ್ಲಿ ಬರುವಾಗ ಐಮಂಗಲದ ಹತ್ತಿರ ಹೈವೇ ಪಕ್ಕ ತಗಡಿನ ದೊಡ್ಡ ಶೆಡ್ಡು ಎದ್ದಿರುವುದನ್ನು ಕಂಡೆವು. ಮುಂದೆ ಸಾಲಾಗಿ ವ್ಯಾನುಗಳು ನಿಂತಿದ್ದವು. ಅದೇ ಮೊಬೈಲ್ ಅಂಗಡಿಯವರದು ಎಂದು ಬಸ್ಸಿನಲ್ಲಿ ಯಾರೋ ಹೇಳಿದರು. ಅವರ ಡಬ್ಬಗಳು ನಮ್ಮ ಲಾರಿಗೆ ಬರುವುದು ನಿಂತಿತು. ಇಷ್ಟು ವರ್ಷ ಹೊತ್ತು ತಂದವರಿಗೆ ನಾಳೆಯಿಂದ ಬರುವುದಿಲ್ಲ ಎಂಬ ಒಂದು ಮಾತನ್ನೂ ಅವರು ಹೇಳಲಿಲ್ಲ. ನನಗೆ ಅದೇ ಹೆಚ್ಚು ಉರಿದದ್ದು.

ಮುಂದೆ ಅವರ ಕಡೆಯ ಒಬ್ಬರು ನಮ್ಮ ಆಫೀಸು ಹುಡುಕಿಕೊಂಡು ಬಂದರು. ಹೊಸದುರ್ಗದಲ್ಲಿ ಮನೆಮನೆಗೆ ಹಂಚುವ ಕೆಲಸವನ್ನು ನಮ್ಮವರೇ ನೋಡಿಕೊಳ್ಳಬೇಕಂತೆ. ಒಪ್ಪಿಕೊಳ್ಳಿ ಎಂದು ನಾನು ಗೋಗರೆದೆ. ನಮ್ಮ ಕಂಪನಿಯವರು ಆಗಲೇ ಹೇಳಿ ಕಳಿಸಿದ್ದರು: ಬುಕಿಂಗ್ ಹೀಗೇ ಇಳಿದರೆ ಲಾರಿ ಹೊಸದುರ್ಗಕ್ಕೆ ಬರುವುದಿಲ್ಲ, ಆಫೀಸು ಮುಚ್ಚಬೇಕಾಗುತ್ತದೆ. ಇದೆಲ್ಲ ಗೊತ್ತಿದ್ದೂ ನಮ್ಮವರು ಒಲ್ಲೆ ಎಂದುಬಿಟ್ಟರು. ಬಂದವರನ್ನು ಬಸ್ಸಿಗೆ ಹತ್ತಿಸಿ ಬಂದು ನನಗೆ ತಿಳಿಹೇಳಿದರು.

"ಅವ್ರು ಪ್ಯಾಟೆ ಮನೆ ಬಾಗ್ಲಿಗೆ ಕೊಡ್ತಾರೆ ಕಣೇ. ಕುರಿ ಹಿಂದೆ ಹೋಗಾಕೆ ಅವ್ರ ಕೈಲಾಗ್ತೈತಾ? ಅದು ನಮಗೆ ಮಾತ್ರ ಗೊತ್ತಿರಾದು. ಕುರಿ ಇರೋ ತನ್ಕ ಆಫೀಸು ಇರ್ತೈತೆ."

ಮೊಂಡುತನದಲ್ಲಿ ನಾನು ಕಡಿಮೆಯವಳಲ್ಲ, ಆದರೆ ಈ ಮಾತಿಗೆ ಎದುರಾಡಲಿಲ್ಲ. ನಿಜ ಹೇಳಬೇಕೆಂದರೆ, ಅದು ನಿಜವಾಗಲಿ ಎಂದು ನನಗೂ ಆಸೆಯಿತ್ತು.

ಆ ವರ್ಷ ಕುರಿ ಹೊರಟು ಎಷ್ಟೋ ದಿನ ಕಳೆದ ಮೇಲೆ, ಪ್ರತಿ ವರ್ಷ ತಪ್ಪದೆ ಗಂಟು ತರುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ಬಂದರು. ಕೈಯಲ್ಲಿ ಏನೂ ಇರಲಿಲ್ಲ.

"ಬರ್ರಮ್ಮ, ಕುಂತ್ಕಳ್ರಿ. ಗಂಟೆಲ್ಲಿ?" ಎಂದರು ನಮ್ಮವರು.

"ಬಸ್ಸು ತಡ ಐತಂತೆ ಕಣಪ್ಪ, ಸುಮ್ನೆ ಮಾತಾಡ್ಸಿ ಹೋಗಾಣ ಅಂತ ಬಂದೆ. ರೊಟ್ಟಿ ಇನ್ನೂ ತಟ್ಟಬೇಕು. ಈ ಸಲ ಔಸ್ತಿ, ಬ್ಯಾಟ್ರಿ, ಟಾರ್ಪಾಲು ಎಲ್ಲಾನೂ ನಮ್ಮೆಜಮಾನ್ರು ಅಲ್ಲೇ ತರ್ಸ್ಕಂಡವ್ರೆ."

"ಅಲ್ಲೇ ಅಂದ್ರೆ ಎಲ್ಲಿ?"

"ಕುರಿ ತಾವ್ಲೇ. ಜತೆಗಿರೋರ ಫೋನಾಗೆ ಅದೇನೋ ಲೊಕೇಶನ್ ಕಳಿಸಿದ್ರಂತೆ. ಬೈಕಿನಾಗೆ ಬಂದು ಹೊಲದಾಗೇ ಕೊಟ್ಟೋದ್ರಂತೆ. ನಮ್ಮ ನಾಯಿ ಬೆನ್ನತ್ತಿದ್ರೂ ಬಿಡ್ದಂಗೆ ಕೊಟ್ಟೋದ್ರಂತೆ" ಎಂದು ನಕ್ಕರು.

ನಮ್ಮವರೂ ನಕ್ಕರು. ಟೀ ತರಿಸಿದರು, ಕುರಿಮರಿ ಎಷ್ಟಾದವು ಎಂದು ವಿಚಾರಿಸಿದರು. ಆಕೆ ಬಸ್ಸು ಹತ್ತಿದ ಮೇಲೆ ಮಾತ್ರ ಖಾಲಿ ಕಟ್ಟೆಯ ಮೇಲೆ ಕೂತು ಮಧ್ಯಾಹ್ನದ ತನಕ ಯಾರೊಂದಿಗೂ ಮಾತಾಡಲಿಲ್ಲ. ನನ್ನ ಗಂಡ ಮಾತಿಲ್ಲದೆ ಕೂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಹೆದರಿಕೆಯಾಯಿತು.

ಹೆಚ್ಚು ದಿನ ಕಾಯಬೇಕಾಗಲಿಲ್ಲ. ಕಂಪನಿಯವರು ಹೊಸದುರ್ಗಕ್ಕೂ ಹೊಳಲ್ಕೆರೆಗೂ ಲಾರಿ ನಿಲ್ಲಿಸಿದರು. ಚಿತ್ರದುರ್ಗದ ಗೋಡೌನು ಮಾತ್ರ ಉಳಿಯಿತು. ಕೊಬ್ಬರಿ ಮೂಟೆಗಳನ್ನು ವ್ಯಾಪಾರಿಗಳು ಬೇರೆ ಲಾರಿಗಳಿಗೆ ಹಾಕತೊಡಗಿದರು. ನಾವು ತಕ್ಕಡಿ, ಮೇಜು ಸಾಗಿಸಿ ಜಾಗ ತೊಳೆಯುತ್ತಿದ್ದ ದಿನ ಆ ಹೆಂಗಸು ಮತ್ತೆ ಬಂದರು. ಈ ಸಲ ಕಂಕುಳಲ್ಲಿ ಗಂಟು ಇತ್ತು.

"ರೊಟ್ಟಿ, ಚಟ್ನಿಪುಡಿ ಅವೆ. ಎಂದಿನಂಗೆ ಬರ್ಕಳವ್ವ, ಕುರಿ ಹಿಂದೆ" ಎಂದು ನನ್ನ ಮುಂದೆ ಇಟ್ಟರು.

ನಾನು ನಮ್ಮವರ ಮುಖ ನೋಡಿದೆ. ಅವರು ಪೊರಕೆ ಕೆಳಗಿಟ್ಟು, ಹೆಗಲ ಟವೆಲಿನಿಂದ ಕೈ ಒರೆಸಿಕೊಂಡು, "ಇನ್ನ ತಗಳಾಕ್ ಬರಲ್ಲಮ್ಮ. ಲಾರಿ ನಿಂತೋತು" ಎಂದರು.

ಬಸ್ಸಿಗೆ ಹಾಕೋಣವೆಂದರೆ ಹೊಳಲ್ಕೆರೆಯಲ್ಲಿ ಇಳಿಸಿಕೊಂಡು ಕಾಯುವವರಿಲ್ಲ. ಅಂಚೆಗೆ ಹಾಕಲು ವಿಳಾಸ ಬೇಕು. ಆ ಬೈಕಿನವರು ಅಂಗಡಿಯಿಂದ ತಂದುಕೊಡುತ್ತಾರೆಯೇ ಹೊರತು ಮನೆಯ ಒಲೆಯಲ್ಲಿ ಬೆಂದದ್ದನ್ನು ಒಯ್ಯುವುದಿಲ್ಲ. ಇದನ್ನೆಲ್ಲ ನಾನೇ ಬಿಡಿಸಿ ಹೇಳಿದೆ. ಆಕೆ ಕೇಳಿಸಿಕೊಂಡರು.

"ಹಂಗಾರೆ ಅಲ್ಲಿಗೆ ಬರಾದೆಲ್ಲ ಬರ್ತೈತೆ, ನಮ್ಮನೇದು ಹೋಗಾಕೆ ಮಾತ್ರ ದಾರಿ ಇಲ್ಲ ಅನ್ರಿ" ಎಂದರು.

ಗಂಟನ್ನು ಆಕೆ ವಾಪಸ್ಸು ಒಯ್ಯಲಿಲ್ಲ. ಕುರಿ ಹಿಂದೆ ಇರುವವರಿಗೆಂದು ಕಟ್ಟಿದ ಬುತ್ತಿ ಹೊಸಿಲು ದಾಟಿದ ಮೇಲೆ ಮತ್ತೆ ಮನೆಗೆ ಬರಬಾರದಂತೆ, ಅವರಿಗೆ ಒಳ್ಳೆಯದಲ್ಲವಂತೆ. "ನೀವೇ ಉಣ್ರಿ" ಎಂದು ಕಟ್ಟೆಯ ಮೇಲೆ ಬಿಟ್ಟು ಬಸ್ಸಿಗೆ ಹೋದರು.

ಮನೆಗೆ ತಂದು ಬಿಚ್ಚಲು ಹೋದೆ. ನಮ್ಮವರು ಕೈ ಹಿಡಿದರು. "ಬಿಚ್ಚಬ್ಯಾಡ್ವೇ. ಬ್ಯಾರೇರ ಸಾಮಾನು ಅದು."

"ನಮಗೇ ಕೊಟ್ಟೋದ್ರಲ್ರಿ."

"ಕೊಟ್ಟಿದ್ದು ಕಳ್ಸಾಕೆ" ಎಂದರು. ಆಕೆಯ ಯಜಮಾನರ ಜೊತೆಗಿದ್ದವರ ಫೋನ್ ನಂಬರನ್ನು ಯಾರುಯಾರನ್ನೋ ಕೇಳಿ ಸಂಪಾದಿಸಿದರು. ಎಲ್ಲಿದ್ದೀರಿ ಎಂದು ಕೇಳಿದಾಗ ಆ ಕಡೆಯವರು ಎಂದಿನಂತೆ ಊರು ಕೆರೆ ಹೇಳಲಿಲ್ಲ, "ಲೊಕೇಶನ್ ಕಳಿಸ್ಲಾ?" ಎಂದರು. ನಮ್ಮವರು "ಕಳಿಸಪ್ಪ" ಎಂದರು. ಫೋನನ್ನು ನನ್ನ ಕೈಗೆ ಕೊಟ್ಟು, "ಇದನ್ನ ಹೆಂಗೆ ನೋಡಾದು, ತೋರ್ಸೇ" ಎಂದರು.

ತೋರಿಸಿದೆ. ಚಿಕ್ಕಜಾಜೂರಿನ ಆಚೆ, ಊರಿನ ಹೆಸರಿಲ್ಲದ ಬಯಲಿನಲ್ಲಿ, ಒಂದು ಚುಕ್ಕೆ ಇತ್ತು. ಅವರು ಕನ್ನಡಕ ಹಾಕಿಕೊಂಡು ಅದನ್ನು ಬಹಳ ಹೊತ್ತು ನೋಡಿದರು.

"ಕುರಿ ಹಿಂದೆ ಅಂದ್ರೆ ಇಷ್ಟೇನಾ?" ಎಂದರು.

ನನಗೆ ಅಳು ಬಂತು. ಮಾರನೆಯ ಬೆಳಿಗ್ಗೆ ಅವರು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹೊಳಲ್ಕೆರೆ ಬಸ್ಸಿನಲ್ಲಿ ಕೂತಿದ್ದರು.