ಕೇಳದೆ ಇಟ್ಟ ಪ್ಯಾಡ್

ಮೇಡಂ ಎಡಹೆಗಲಿಗೆ ಚೀಲ ಹಾಕಿದರೆ ನಿಲ್ಲುತ್ತಿರಲಿಲ್ಲ, ಜಾರಿ ಮೊಣಕೈಗೆ ಬರುತ್ತಿತ್ತು. ಬೆನ್ನುಮೂಳೆ ಡೊಂಕು, ಎಡಹೆಗಲು ಬಲಕ್ಕಿಂತ ಎರಡು ಬೆರಳು ಕೆಳಗೆ. ಕೃಷ್ಣಮೂರ್ತಿಪುರಂನಲ್ಲಿ ಇದು ಗೊತ್ತಿದ್ದದ್ದು ಅವರ ತಂಗಿಗೆ, ಮತ್ತೆ ಅವರ ರವಿಕೆ ಹೊಲಿಯುತ್ತಿದ್ದ ನನಗೆ. ಎಡಗಡೆ ಒಳಗೊಂದು ಹತ್ತಿಯ ಪ್ಯಾಡ್ ಇಟ್ಟು, ಮೇಲೆ ಸೆರಗು ಬಂದರೆ ಎರಡೂ ಹೆಗಲು ಸಮ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ನಾನು ಹೊಲಿದ ರವಿಕೆಯಲ್ಲಿ ಮೈಯ ಕುಂದು ಕಂಡಿತು ಅಂತ ಒಬ್ಬರೂ ಹೇಳಿದ್ದಿಲ್ಲ.

ಅವರು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಓದೆಲ್ಲ ಒಬ್ಬನೇ ರಾಜನ ಮೇಲೆ: ಐನೂರು ವರ್ಷದ ಹಿಂದೆ ಇಂಗ್ಲೆಂಡ್ ಆಳಿದ ಮೂರನೇ ರಿಚರ್ಡ್. ಗೂನುಬೆನ್ನಿನ ಪಾಪಿ, ಸಿಂಹಾಸನಕ್ಕಾಗಿ ಅಣ್ಣನ ಮಕ್ಕಳಿಬ್ಬರನ್ನು ಕೊಲ್ಲಿಸಿದವನು ಎಂದು ಅವನಿಗೆ ಹೆಸರು. ನನ್ನ ಹೊಲಿಗೆ ಅಂಗಡಿಯಲ್ಲಿ ಯಾರಾದರೂ ಇನ್ನೊಬ್ಬರ ಮನೆಯ ಸುದ್ದಿ ಎತ್ತಿದರೆ ಮೇಡಂ ತಲೆ ಎತ್ತದೆ, "ನೀವು ಕಂಡ್ರಾ?" ಅನ್ನುವರು. ಸುದ್ದಿ ಅಲ್ಲಿಗೇ ನಿಲ್ಲುತ್ತಿತ್ತು.

"ಆ ರಾಜ ಮಕ್ಕಳನ್ನ ಕೊಂದಿದ್ದು ನಿಜವಾ ಮೇಡಂ?" ಅಂದೆ ಒಮ್ಮೆ.

"ಗೊತ್ತಿಲ್ಲ ಕಣ್ರೀ. ಗೊತ್ತಿಲ್ಲ ಅನ್ನೋಕೇ ಮೂವತ್ತು ವರ್ಷ ಓದಿದೀನಿ. ಆದ್ರೆ ಅವನು ಸತ್ತ ಮೇಲೆ ಯಾರೋ ಅವನ ಚಿತ್ರ ತಿದ್ದಿ, ಒಂದು ಹೆಗಲು ಎತ್ತರಿಸ್ಬುಟ್ರು. ಮೈ ಡೊಂಕು ಅಂದ್ರೆ ಸಾಕು, ಜನ ಪಾಪಾನೂ ನಂಬ್ತಾರೆ."

"ನನ್ನ ಹತ್ರ ಬಂದಿದ್ರೆ ಅವನಿಗೂ ಸಮ ಮಾಡಿ ಹೊಲೀತಿದ್ದೆ ಬುಡಿ."

ಬಹಳ ಹೊತ್ತು ನಕ್ಕರು.

ಎರಡು ಸಾವಿರದ ಇಸವಿ ಕಳೆದ ಮೇಲೆ ಜಯಲಕ್ಷ್ಮಿಪುರಂನ ಓದುಗರ ಕೂಟವೊಂದು ಆ ರಾಜನ ಬಗ್ಗೆ ಮಾತಾಡಲು ಅವರನ್ನು ಕರೆಯಿತು. ಮೊದಲ ಸಲ. ಹೊಸ ಬಟ್ಟೆ ತಂದು, "ಇದಕ್ಕೆ ಪ್ಯಾಡ್ ಬೇಡ. ನಾನು ಇದ್ದಂಗೇ ಹೊಲೀರಿ," ಅಂದರು. ಹೂಂ ಅಂದೆ. ಆದರೆ ಅಷ್ಟು ಜನರೆದುರು ನನ್ನ ಕೆಲಸ ಡೊಂಕಾಗಿ ನಿಲ್ಲುವುದು, ಅವರನ್ನು ನೋಡಿ ಯಾರಾದರೂ ನಗುವುದು, ಮನಸ್ಸು ಒಪ್ಪಲಿಲ್ಲ. ಒತ್ತಿ ನೋಡಿದರೆ ಮಾತ್ರ ಸಿಗುವ ಹಾಗೆ ಲೈನಿಂಗಿನ ಒಳಗೆ ಪ್ಯಾಡ್ ಸೇರಿಸಿ, ಸಭೆಯ ದಿನ ಬೆಳಿಗ್ಗೆ ಕೊಟ್ಟೆ.

ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಚೆನ್ನಾಗಿ ಮಾತಾಡುತ್ತಿದ್ದವರು ನಿಲ್ಲಿಸಿ, ಸಭೆಗೆ ಬೆನ್ನು ತಿರುಗಿಸಿದರು. "ನನ್ನ ಹೆಗಲು ನೋಡಿ. ಆ ರಾಜನಿಗೂ ಇಷ್ಟೇ ಇದ್ದಿರಬಹುದು. ನನ್ನನ್ನೂ ಕೊಲೆಗಾರ್ತಿ ಅಂತೀರಾ?"

ಇಪ್ಪತ್ತು ಜನ ಮುಖ ಮುಖ ನೋಡಿಕೊಂಡರು. ಮುಂದಿನ ಸಾಲಿನವರೊಬ್ಬರು, "ಏನೂ ಕಾಣ್ತಿಲ್ವಲ್ಲ ಮೇಡಂ, ನೆಟ್ಟಗೇ ಇದೀರಿ," ಅಂದರು. ಎಲ್ಲರೂ ನಕ್ಕರು. ಮೇಡಂ ಕೈ ಸೆರಗಿನೊಳಗೆ ಎಡಹೆಗಲಿಗೆ ಹೋಗಿ ಒತ್ತಿತು. ಉಳಿದದ್ದನ್ನು ಕಾಗದ ನೋಡಿಕೊಂಡು ಓದಿ ಮುಗಿಸಿದರು.

ಮೂರನೇ ದಿನ ರವಿಕೆಯನ್ನು ನನ್ನ ಮಿಷನ್ನಿನ ಮೇಲಿಟ್ಟರು. "ಬಿಚ್ಚಿ."

"ನಗ್ತಾರೆ ಅಂತ ಮೇಡಂ..."

"ನಕ್ರೆ ನಗಲಿ ಅಂತಾನೇ ಹೋಗಿದ್ದೆ. ಚಿತ್ರ ತಿದ್ದಿದೋರು ಹೆಗಲು ಎತ್ತಿದ್ರು, ನೀವು ಸಮ ಮಾಡಿದ್ರಿ. ಅವನನ್ನೂ ಯಾರೂ ಕೇಳ್ಲಿಲ್ಲ, ನನ್ನನ್ನೂ ಕೇಳ್ಲಿಲ್ಲ."

ದನಿ ಏರಿಸಲಿಲ್ಲ. ನಾನು ಹೊಲಿಗೆ ಬಿಚ್ಚಿ ಮುಗಿಸುವವರೆಗೂ ಎದುರಿಗೇ ಕೂತಿದ್ದರು. ಆಮೇಲಿನ ಯಾವ ರವಿಕೆಗೂ ನಾನು ಪ್ಯಾಡ್ ಇಡಲಿಲ್ಲ. ಅವರನ್ನು ಮತ್ತೆ ಯಾರೂ ಮಾತಿಗೆ ಕರೆಯಲೂ ಇಲ್ಲ.

ಎರಡು ವರ್ಷಕ್ಕೆ ತೀರಿಕೊಂಡರು. ನಡುಮನೆಯಲ್ಲಿ ಮಲಗಿಸಿದ್ದರು, ಹಾರಗಳು ಹೆಗಲು ಮುಚ್ಚಿದ್ದವು. ಹಿಂದೆ ಅವರ ಜೊತೆ ಕೆಲಸ ಮಾಡಿದ್ದ ಮೇಷ್ಟ್ರೊಬ್ಬರು ನನ್ನ ಪಕ್ಕ ನಿಂತು, "ಕ್ಲಾಸಲ್ಲಿ ಎಷ್ಟು ನೆಟ್ಟಗೆ ನಿಲ್ತಿದ್ರು ರೀ," ಅಂದರು.

"ಇಲ್ಲ ಸಾರ್. ಅವರ ಬೆನ್ನು ಡೊಂಕಿತ್ತು. ಕಾಣದ ಹಾಗೆ ಮಾಡ್ತಿದ್ದೋನು ನಾನು."

ಸಾವಿನ ಮನೆಯಲ್ಲಿ ಆಡುವ ಮಾತೇ ಇದು ಎಂಬಂತೆ ನನ್ನನ್ನು ನೋಡಿ, "ಛೆ, ಇರಲಾರದು," ಅಂದು ಆಚೆ ಸರಿದರು. ಮೇಡಂ ಇಪ್ಪತ್ತು ಜನರಿಗೆ ತೋರಿಸಬೇಕೆಂದಿದ್ದುದನ್ನು ನಾನು ಒಬ್ಬರಿಗೆ ಹೇಳಿದೆ. ಅವರೂ ನಂಬಲಿಲ್ಲ.