ರಾಜಪ್ಪನ ಪಂಚೆ, ನೀಲಕ್ಕನ ಪಾಠ

ಉಳವಿ ಕಡೆಯ ಮೊದಲ ಬಸ್ಸು ಧೂಳೆಬ್ಬಿಸಿ ಹೋಗುವಷ್ಟರಲ್ಲಿ ನೀಲಾಂಬಿಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಾಲುದಾರಿ ಹಿಡಿದಾಗಿದೆ. ಹೆಗಲಲ್ಲಿ ಔಷಧದ ಚೀಲ, ಕೈಯಲ್ಲೊಂದು ಬಿದಿರಿನ ಗಳ, ಗಳಕ್ಕೆ ಸುತ್ತಿದ ಬಿಳಿ ಪಂಚೆ. ನರ್ಸಮ್ಮನಿಗೆ ಪಂಚೆ ಏಕೆಂದು ಹೊಸಬರು ನಕ್ಕಾರು. ನೀಲಾಂಬಿಕರಿಗೆ ಮಾತ್ರ ನಗುವ ಪುರಸೊತ್ತಿಲ್ಲ. "ಶಾಲೆ ಹಿಂದೆ ಮಂಗ ಸತ್ತಿದೆ, ಬೆಳಿಗ್ಗೆ ಎತ್ತುತಾರೆ, ಬೇಗ ಬಾ" ಎಂದು ನಿನ್ನೆ ಸಂಜೆ ಆ ಊರಿನ ತುಂಗಮ್ಮ ಬಸ್ಸಿನ ಕಂಡಕ್ಟರ್ ಕೈಲಿ ಹೇಳಿಕಳಿಸಿದ್ದಾರೆ.

ಸೊರಬದ ಈ ಹಳ್ಳಿಗಳಲ್ಲಿ ಮಂಗವೆಂದರೆ ಹನುಮಂತ. ಸತ್ತರೆ ಮೈತೊಳೆದು, ಕುಂಕುಮವಿಟ್ಟು, ಭಜನೆ ಮಾಡುತ್ತ ಹೊತ್ತೊಯ್ದು ಮಣ್ಣು ಮಾಡುವುದು ಊರಿನ ಧರ್ಮ. ಹಾಗೆ ಹೆಗಲು ಕೊಟ್ಟವರಲ್ಲೇ ಕೆಲವರು ಆಮೇಲೆ ಮಂಗನ ಕಾಯಿಲೆಯಿಂದ ಹಾಸಿಗೆ ಹಿಡಿಯುತ್ತಾರೆ. ನೀಲಾಂಬಿಕರ ಸಂಕಟವೆಲ್ಲ ಅದೇ.

ಶಿಕಾರಿಪುರದ ಉಡುತಡಿ ಅವರ ತವರು. ಈ ಕಡೆ ಕೆಲಸಕ್ಕೆ ಬಂದ ಹೊಸತರಲ್ಲಿ ಅವರು ಹೇಳಿದ್ದೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿತ್ತು. "ವೈರಸ್ಸು, ಸೋಂಕು ಅಂತ ಗಿಳಿಪಾಠ ಒಪ್ಪಿಸ್ತಿದ್ದೆ ನೋಡ್ರೀ. ಮುಟ್ಟಬ್ಯಾಡ್ರೀ ಅಂದ್ರೆ, ದೇವರನ್ನ ಮುಟ್ಟಬ್ಯಾಡ ಅನ್ನಾಕೆ ಇವಳ್ಯಾರು ಅಂತಿದ್ರು" ಎಂದು ನಗುತ್ತಾರೆ. ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎರಡು ವರ್ಷದ ಹಿಂದೆ, ೧೯೯೫ರ ಬೇಸಿಗೆಯಲ್ಲಿ, ಇದೇ ಊರಿನ ರಾಜಪ್ಪ ಮಂಗನ ಹೆಣಕ್ಕೆ ಹೆಗಲು ಕೊಟ್ಟರು. ವಾರದೊಳಗೆ ಜ್ವರ ಬಂತು. ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ.

ಮಾತಾಡಿಸಲು ಹೋದ ನೀಲಾಂಬಿಕರನ್ನು ರಾಜಪ್ಪನ ಹೆಂಡತಿ ತುಂಗಮ್ಮ ಬೈಯಲಿಲ್ಲ. "ನೀ ಹೇಳಿದ್ದು ಸುಳ್ಳಲ್ಲ ಕಣಮ್ಮ. ಕಣ್ಣಿಗೆ ಕಾಣ್ದೇ ಇರೋದನ್ನ ನಂಬೋದು ಹ್ಯಾಂಗೆ?" ಎಂದರು. ಕಚ್ಚಿ ಈ ಕಾಯಿಲೆ ಹರಡುವ ಉಣುಗು ಎಂಬ ಸಣ್ಣ ಹುಳಗಳನ್ನು ಹಿಡಿಯಲು ಆರೋಗ್ಯ ಇಲಾಖೆಯವರು ಕಾಡಿನಲ್ಲಿ ಬಿಳಿ ಬಟ್ಟೆ ಎಳೆಯುವುದು ನೀಲಾಂಬಿಕರಿಗೆ ನೆನಪಾಯಿತು. ಅದನ್ನೇ ಊರವರ ಮುಂದೆ ಎಳೆದರೆ ಹೇಗೆ ಎಂದು ಕೇಳಿದರು. ತುಂಗಮ್ಮ ಒಳಗೆ ಹೋಗಿ, ಗಂಡನ ಕೆಂಪಂಚಿನ ಬಿಳಿ ಪಂಚೆ ತಂದು ಅವರ ಮಡಿಲಿಗೆ ಹಾಕಿದರು.

ಎರಡು ವರ್ಷಗಳಿಂದ ಆ ಪಂಚೆ ಸುತ್ತಲಿನ ಹಳ್ಳಿಗಳನ್ನೆಲ್ಲ ಸುತ್ತಿದೆ. ರಾಜಪ್ಪನ ಸ್ವಂತ ಊರಿಗೆ ಬರುತ್ತಿರುವುದು ಮಾತ್ರ ಇವತ್ತೇ ಮೊದಲು.

ಶಾಲೆಯ ಬಳಿ ಚಟ್ಟ ಸಿದ್ಧವಾಗಿದೆ. ಮುಂದೆ ನಿಂತವರು ಅಂದು ರಾಜಪ್ಪನ ಜೊತೆಗೇ ಹೆಗಲು ಕೊಟ್ಟಿದ್ದ ಹಿರಿಯ, ಚಿಕ್ಕಬೀರಪ್ಪ. "ನಾನೂ ಹೊತ್ತಿದ್ದೆ ನರ್ಸಮ್ಮ. ನನಗೇನಾಯ್ತು?" ಎನ್ನುತ್ತಾರೆ.

"ಉಣುಗು ನಿಮ್ಮನ್ನ ಕಚ್ಚಲಿಲ್ಲ, ಅವರನ್ನ ಕಚ್ಚಿತು. ಅಷ್ಟೇ ಅಜ್ಜಾರೇ. ಸ್ವಲ್ಪ ಹಿಂದೆ ನಿಲ್ರೀ."

ನೀಲಾಂಬಿಕ ಉಣುಗು ಹತ್ತದಂತೆ ಕೈಕಾಲಿಗೆ ಎಣ್ಣೆ ಹಚ್ಚಿಕೊಂಡು, ಮಂಗ ಬಿದ್ದಿರುವ ಮರದ ಸುತ್ತ ತರಗೆಲೆಯ ಮೇಲೆ ಪಂಚೆ ಎಳೆದು ತಂದು, ಗಳದಿಂದಲೇ ಎತ್ತಿ ತೋರಿಸುತ್ತಾರೆ. ರಾಗಿಗಿಂತ ಸಣ್ಣ ಚುಕ್ಕೆಗಳು. ಚುಕ್ಕೆಗಳು ಹರಿದಾಡತೊಡಗುತ್ತವೆ. ಯಾರೋ "ಅಯ್ಯೋ ಶಿವನೇ" ಎನ್ನುತ್ತಾರೆ.

"ಮಂಗ ಪಾಪದ್ದು. ನಮಗೆ ಬರೋ ಜ್ವರನೇ ಅದಕ್ಕೂ ಬಂದು ಸತ್ತಿದೆ. ಒಲೆ ಆರಿದ್ರೆ ಬೂದಿಯಲ್ಲಿ ಮಲಗಿದ ಬೆಕ್ಕು ಎದ್ದು ಬೆಚ್ಚಗಿನ ಜಾಗ ಹುಡುಕಲ್ವಾ? ಮಂಗನ ಮೈ ತಣ್ಣಗಾದ ಕೂಡಲೇ ಉಣುಗೂ ಹಂಗೇ ಇಳೀತವೆ. ಹೆಗಲು ಕೊಟ್ಟೋರ ಮೈ ಬೆಚ್ಚಗಿರತ್ತೆ."

ಚಿಕ್ಕಬೀರಪ್ಪನ ಕಣ್ಣು ಚುಕ್ಕೆಗಳ ಮೇಲಿಲ್ಲ, ಕೆಂಪಂಚಿನ ಮೇಲಿದೆ. "ಇದು ರಾಜಪ್ಪನ ಪಂಚೆ ಅಲ್ವನೇ ತುಂಗಾ?"

ತುಂಗಮ್ಮ ಹೌದೆಂದು ತಲೆಯಾಡಿಸುತ್ತಾರೆ.

"ಹಂಗಂತ ಹನುಮಪ್ಪನ್ನ ಅನಾಥನಾಗಿ ಬಿಡಕ್ಕಾಗತ್ತಾ?" ಚಿಕ್ಕಬೀರಪ್ಪ ಚಟ್ಟದ ಮೇಲೆ ಕೈಯಿಟ್ಟು ಕೇಳುತ್ತಾರೆ.

"ಯಾಕೆ ಬಿಡ್ತೀರಿ? ನಾನೂ ಲಿಂಗ ಕಟ್ಕೊಂಡಾಕಿ, ಭಕ್ತಿ ಬ್ಯಾಡ ಅಂತೀನಾ? ಇಲಾಖೆಯೋರು ಕೈಗವಸು ಹಾಕ್ಕೊಂಡು ಜೀಪಲ್ಲಿ ಬಂದು ಬೆಂಕಿ ಕೊಡ್ತಾರೆ. ನಾವು ಇಲ್ಲಿಂದಲೇ ಭಜನೆ ಮಾಡೋಣ, ನಡೀರಿ."

ಚಿಕ್ಕಬೀರಪ್ಪ ಖಾಲಿ ಚಟ್ಟವನ್ನು ಎಳೆದು ಗೋಡೆಗೆ ಒರಗಿಸುತ್ತಾರೆ. ತಾಳ ಶುರುವಾಗುತ್ತದೆ. ನೀಲಾಂಬಿಕರ ಕಂಠ ಅಷ್ಟಕ್ಕಷ್ಟೇ; ಆದರೂ ಎಲ್ಲರಿಗಿಂತ ಜೋರಾಗಿ ಹಾಡುತ್ತಾರೆ.

ಮಧ್ಯಾಹ್ನ ತುಂಗಮ್ಮನ ಅಂಗಳದ ಹಂಡೆಯಲ್ಲಿ ಪಂಚೆ ಕುದಿಯುತ್ತಿದೆ. ನಾಳೆಯಿಂದ ಮನೆಮನೆಗೆ ಲಸಿಕೆ ಹಾಕುವ ಕೆಲಸವಿದೆ. ನಿಮ್ಮದೇನಾದರೂ ಆಸೆ ಇದೆಯೇ ಎಂದರೆ, ನೀಲಾಂಬಿಕ ಸೌದೆ ಮುಂದೆ ತಳ್ಳುತ್ತ ಯೋಚಿಸುತ್ತಾರೆ.

"ಒಂದು ಬೇಸಿಗೆ ಎಷ್ಟು ಎಳೆದ್ರೂ ಒಂದು ಉಣುಗೂ ಹತ್ತದೆ ಇದು ಬೆಳ್ಳಗೇ ಇರ್ಬೇಕ್ರೀ. ಅವತ್ತು ಮಡಚಿ ತುಂಗಮ್ಮಂಗೆ ವಾಪಸ್ ಕೊಟ್ಟುಬಿಡ್ತೀನಿ."